ತುಕ್ಕು ಹಿಡಿಯದ ಬೋಗುಣಿ

ಪೀಜಿ ನಡೆಸುವ ಬೈರಣ್ಣ ಕಳಿಸಿದ ಫೋಟೋವನ್ನು ಶ್ರೀದೇವಿ ಒಲೆಯ ಮುಂದೆ ನಿಂತೇ ನೋಡಿದಳು. ಚಪಾತಿಯ ನಡುವೆ ಸಾಸಿವೆ ಕಾಳಿನಷ್ಟು ಒಂದು ಕಂದು ಚುಕ್ಕಿ, ಅದರ ಸುತ್ತ ಹರಡಿದ ಹಳದಿ ಕಲೆ. ಕೆಳಗೆ ಒಂದೇ ಸಾಲು ಬರೆದಿದ್ದ: ‘ಮೇಡಂ ಏನಿದು? ಹುಡುಗ್ರು ತಟ್ಟೆ ಸಮೇತ ತಂದು ತೋರಿಸ್ತಾವ್ರೆ.’

ಹೆಂಚಿನ ಮೇಲಿದ್ದ ಚಪಾತಿ ಸೀದ ವಾಸನೆ ಬಂದ ಮೇಲೆ ಅವಳು ಒಲೆ ಆರಿಸಿದಳು. ಹಿಟ್ಟು ಕಲಸುವ ಬೋಗುಣಿಯನ್ನು ಬರಿದು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ತಳದಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಳಿಗಳು. ಅಂಚು ಮಡಚಿದ ಕಡೆ ಉದ್ದಕ್ಕೂ ತುಕ್ಕಿನ ಗೆರೆ. ಉಜ್ಜಿ ನೋಡಿದರೆ ಬೆರಳೇ ಕೆಂಪಾಯಿತು.

“ರೀ, ಸ್ವಲ್ಪ ಬನ್ನಿ ಇಲ್ಲಿ.”

ಚಿದಾನಂದ್ ಹಣೆಯ ವಿಭೂತಿ ಇನ್ನೂ ಒಣಗಿರಲಿಲ್ಲ, ಹಾಗೇ ಬಂದ. ಬೋಗುಣಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಸ್ಟೀಲ್ ತುಕ್ಕು ಹಿಡಿಯಲ್ಲ ಕಣೆ. ಏನೋ ಮಸಾಲೆ ಕಲೆ ಇರ್ಬೇಕು.”

“ಚಪಾತಿ ಹಿಟ್ಟಿಗೆ ಯಾವ ಮಸಾಲೆ ಹಾಕ್ತಾರೆ? ಆಫರಲ್ಲಿ ಸಿಕ್ತು, ಒಂದಕ್ಕೆ ಒಂದು ಫ್ರೀ ಅಂತ ಹೊತ್ಕೊಂಡು ಬಂದ್ರಲ್ಲ, ಅದೇ ಇದು.”

“ಸರಿ, ಇದೂ ನನ್ನ ತಲೆಗೆ.”

ಹಾಲಿನಲ್ಲಿ ಮಣೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದ ನೀಲಗಂಗಮ್ಮ ಅಲ್ಲಿಂದಲೇ ಕೇಳಿದರು. “ಏನಂತೆ?”

“ಬೋಗುಣಿ ತುಕ್ಕು ಹಿಡಿದಿದೆ ಅತ್ತೆ. ದಿನಾ ಇದರಲ್ಲೇ ಕಲಸ್ತೀರಿ, ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?”

ಅವರು ಕೈಯಲ್ಲಿದ್ದ ಕಾಯನ್ನು ಸುಲಿದು ಮುಗಿಸಿಯೇ ಮಾತಾಡಿದರು. “ಈಗಿನ ಸ್ಟೀಲೇ ಹಂಗೆ. ತಗಡು. ಒಳ್ಳೇದು ತನ್ನಿ ಅಂದ್ರೆ ಯಾರು ಕೇಳ್ತೀರ?”

ಬೆಂಗಳೂರಿನ ಬಿಟಿಎಂ ಬಡಾವಣೆ ಮೊದಲನೇ ಹಂತದ ಆ ನೆಲಮಹಡಿಯ ಮನೆಯಲ್ಲಿ ಬೆಳಗಿನ ಹೊತ್ತು ಯಾರಿಗೂ ಜಗಳವನ್ನು ಪೂರ್ತಿ ಮಾಡುವಷ್ಟು ಪುರುಸೊತ್ತು ಇರಲಿಲ್ಲ. ಕಾಲೇಜಿನ ಎದುರು ಚಿದಾನಂದನ ಜೆರಾಕ್ಸ್ ಅಂಗಡಿ ಇತ್ತು. ಹುಡುಗರೆಲ್ಲ ನೋಟ್ಸನ್ನು ಫೋನಿನಲ್ಲೇ ಓದಲು ಶುರುಮಾಡಿದ ಮೇಲೆ ಮಧ್ಯಾಹ್ನವೆಲ್ಲ ಅವನು ಯಂತ್ರದ ಪಕ್ಕ ಸುಮ್ಮನೆ ಕೂತಿರುತ್ತಿದ್ದ. ಆಗ ಶ್ರೀದೇವಿ ಪೀಜಿಗಳಿಗೆ ಚಪಾತಿ, ಪಲ್ಯ ಮಾಡಿಕೊಡಲು ಒಪ್ಪಿಕೊಂಡಳು. ಅತ್ತೆ ಹಿಟ್ಟು ಕಲಸಿ ಉಂಡೆ ಮಾಡುವುದು, ಅವಳು ಲಟ್ಟಿಸಿ ಬೇಯಿಸುವುದು, ಮಗಳು ಮೇಘಶ್ರೀ ಕಾಲೇಜಿಗೆ ಹೊರಡುವ ಮುಂಚೆ ಡಬ್ಬಿಗೆ ತುಂಬುವುದು, ಚಿದಾನಂದ್ ಸ್ಕೂಟರಿನಲ್ಲಿ ತಲುಪಿಸುವುದು. ಮೊದಮೊದಲು ಒಂದು ಪೀಜಿ ಇದ್ದದ್ದು ಈಗ ಒಂದಕ್ಕೊಂದು ಸೇರಿ ಬೀದಿಯ ಅರ್ಧದಷ್ಟಾಗಿತ್ತು.

ಆ ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನ ಪಾತ್ರೆ ಅಂಗಡಿಗೆ ಗಂಡ, ಹೆಂಡತಿ, ಅತ್ತೆ ಮೂವರೂ ಹೋದರು. ಮನೆಯಿಂದ ಹೊರಡುವಾಗ ಚಿದಾನಂದ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತದ ಗಣಪತಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಅದ್ಯಾಕೆ?”

“ಒರಿಜಿನಲ್ ಸ್ಟೀಲಿಗೆ ಮ್ಯಾಗ್ನೆಟ್ ಅಂಟಲ್ಲ. ವಿಡಿಯೋ ನೋಡಿದೀನಿ.”

ಅಂಗಡಿಯ ವಿಜಯಕುಮಾರ್ ಒಂದರೊಳಗೊಂದು ಕೂತಿದ್ದ ಬೋಗುಣಿಗಳನ್ನು ಬಿಡಿಸಿ ಗಾಜಿನ ಮೇಜಿನ ಮೇಲೆ ಹರಡಿದ. ಚಿದಾನಂದ್ ಗಣಪತಿಯನ್ನು ಒಂದೊಂದಕ್ಕೂ ತಾಗಿಸುತ್ತಾ ಹೋದ. ಯಾವುದಕ್ಕೂ ಅಂಟಲಿಲ್ಲ.

“ಎಲ್ಲಾ ಒರಿಜಿನಲ್ಲೇ!”

“ಸಾರ್, ಆ ಮೂಲೇಲಿರೋ ಅಗ್ಗದ್ದಕ್ಕೂ ಅಂಟಲ್ಲ,” ವಿಜಯಕುಮಾರ್ ನಕ್ಕ. “ಅದನ್ನ ನಂಬ್ಕೊಂಡ್ರೆ ಆಗಲ್ಲ. ತಳದಲ್ಲಿ ತ್ರೀ ನಾಟ್ ಫೋರ್ ಅಂತ ಒಳ್ಳೇ ಸ್ಟೀಲಿನ ನಂಬರ್ ಅಚ್ಚು ಇದೆಯಾ ನೋಡಿ, ಬಿಲ್ಲಲ್ಲೂ ಬರ್ಸ್ಕೊಳ್ಳಿ. ನಮ್ಮಂಗ್ಡಿದೇ ಆಗ್ಬೇಕು ಅಂತೇನಿಲ್ಲ.”

ಶ್ರೀದೇವಿಗೆ ಹಳೆಯ ಬೋಗುಣಿ ಕಲಿಸಿದ ಪಾಠ ಸಾಕಷ್ಟಿತ್ತು. ಅಂಚು ಒಳಗೆ ಮಡಚಿದ್ದನ್ನೆಲ್ಲ ಪಕ್ಕಕ್ಕೆ ಸರಿಸಿದಳು. ಆ ಸಂದಿನಲ್ಲಿ ನೀರು ನಿಲ್ಲುತ್ತದೆ, ಎಷ್ಟು ಒರೆಸಿದರೂ ಒಣಗುವುದಿಲ್ಲ. ಹಿಡಿಯನ್ನು ಬೆಸುಗೆ ಹಾಕಿ ಕೂರಿಸಿದ್ದೂ ಬೇಡ. ತಳ ದಪ್ಪ ಇರಬೇಕು, ಕಲಸುವಾಗ ಕುಣಿಯಬಾರದು. ಉಳಿದದ್ದರಲ್ಲಿ ಯಾವುದೆಂದು ಆರಿಸಿದ್ದು ಮಾತ್ರ ನೀಲಗಂಗಮ್ಮ. ಅಂಗೈಯನ್ನು ಒಳಗೆ ಇಳಿಸಿ, ಸುತ್ತ ಸವರಿ, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಒಂದು ದೊಡ್ಡ ಬೋಗುಣಿಯನ್ನು ಎದೆಗೆ ಅವುಚಿಕೊಂಡರು.

“ಇದು ಇರ್ಲಿ. ಇಂಥವೇ ಎರಡು. ಇಡೀ ದಿನದ ಹಿಟ್ಟು ಒಂದೇ ಸಲಕ್ಕೆ ಆಗ್ಬೇಕು.”

ಕಟ್ಟಿಸಿಕೊಳ್ಳುವಾಗ ವಿಜಯಕುಮಾರ್ ಹೆಸರು ಕೆತ್ತುವ ಮೆಷಿನ್ ಎತ್ತಿಕೊಂಡ. “ಹೆಸರು ಹಾಕ್ಲಾ ಅಮ್ಮ?”

“ಹಾಕು. ಗುರುಶಾಂತಪ್ಪ ಅಂತ.”

ಗುರುಶಾಂತಪ್ಪ ಶ್ರೀದೇವಿಯ ಮಾವ, ಹೋಗಿ ಬಹಳ ವರ್ಷವಾಗಿತ್ತು. ತಾನು ಬೇಯಿಸುವ ಚಪಾತಿಯ ಬೋಗುಣಿಗೆ ಅವರ ಹೆಸರೇಕೆ ಎಂದು ಕೇಳಬೇಕೆನಿಸಿತು, ಆದರೆ ಬಸ್ಸಿಗೆ ಹೊತ್ತಾಗುತ್ತಿತ್ತು. ಕೆತ್ತಿದವನು ‘ಗುರುಸಾಂತಪ್ಪ’ ಎಂದು ಬರೆದಿದ್ದ. ನೀಲಗಂಗಮ್ಮ ಬೋಗುಣಿಯನ್ನು ಇಸಿದುಕೊಂಡು, ಅಕ್ಷರಗಳ ಮೇಲೆ ಬೆರಳಾಡಿಸಿ, “ಚೆನ್ನಾಗಿ ಬರ್ದಿದೀಯಪ್ಪ,” ಎಂದರು. ಬಂದ ಲಗ್ನಪತ್ರಿಕೆಗಳಲ್ಲೆಲ್ಲ ತಪ್ಪು ಹುಡುಕಿ ಓದಿ ಹೇಳುತ್ತಿದ್ದ ಅತ್ತೆ ಇದನ್ನು ಹೇಗೆ ಬಿಟ್ಟರು ಎಂದು ಶ್ರೀದೇವಿಗೆ ಆಶ್ಚರ್ಯವಾಯಿತು. ದಣಿದಿರಬೇಕು, ಎಂದುಕೊಂಡಳು. ಅವಳೂ ದಣಿದಿದ್ದಳು.

ತಿಂಗಳು ತುಂಬುವುದರೊಳಗೆ ಹೊಸ ಬೋಗುಣಿಯ ತಳದಲ್ಲೂ ಗುಳಿ ಬಿತ್ತು.

ಮೊದಲು ಕಂಡದ್ದು ಮೇಘಶ್ರೀಗೆ. “ಅಮ್ಮ, ಇದೂ ಹಂಗೇ ಆಗ್ತಿದೆ ನೋಡು.” ಶ್ರೀದೇವಿ ನೋಡಿದಳು. ಬೆಳ್ಳಿಯಂತೆ ಹೊಳೆಯುತ್ತಿದ್ದ ಒಳಮೈ ಮಂಕಾಗಿ, ಅಲ್ಲಲ್ಲಿ ಕಂದು ಕಣ್ಣು ಬಿಟ್ಟಿತ್ತು. ಕೆಲವು ದಿನಗಳಿಂದ ಪಾತ್ರೆ ತೊಳೆಯುವ ಯುಟಿಲಿಟಿಯಲ್ಲಿ ಈಜುಕೊಳದ ಹಾಗೆ ಒಂದು ವಾಸನೆ ಇತ್ತು. ಟ್ಯಾಂಕರ್ ನೀರಿಗೆ ಏನೋ ಜಾಸ್ತಿ ಹಾಕುತ್ತಿದ್ದಾರೆ ಎಂದು ಅವಳು ಸುಮ್ಮನಿದ್ದಳು. ಈಗಲೂ ಅವಳಿಗೆ ಸಿಟ್ಟು ಬಂದದ್ದು ಅಂಗಡಿಯವನ ಮೇಲೆ.

ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ವಿಜಯಕುಮಾರ್ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ ವಾಪಸ್ ಮೇಜಿನ ಮೇಲಿಟ್ಟ.

“ಬದಲಾಯಿಸಿ ಕೊಡಕ್ಕಾಗಲ್ಲ ಮೇಡಂ. ಬ್ಲೀಚಿಂಗೋ ಆಸಿಡ್ಡೋ ಬಿದ್ದಿದೆ ಇದಕ್ಕೆ. ಅದಕ್ಕೆ ಯಾವ ಸ್ಟೀಲೂ ತಡೆಯಲ್ಲ.”

“ಮಾರುವಾಗ ಒಂದು ಮಾತು, ಆಮೇಲೆ ಇನ್ನೊಂದು. ನಮ್ಮನೇಲಿ ಯಾರು ಆಸಿಡ್ ಹಾಕ್ತಾರೆ?”

“ಅದನ್ನ ಮನೇಲಿ ಕೇಳ್ಬೇಕು ಮೇಡಂ, ನನ್ನಲ್ಲ.”

ಅವಳು ಇನ್ನೂ ಸ್ವಲ್ಪ ಹೊತ್ತು ಜಗಳವಾಡಿದಳು. ಬೇರೆ ಗಿರಾಕಿಗಳು ತಿರುಗಿ ನೋಡತೊಡಗಿದಾಗ ಬೋಗುಣಿ ಎತ್ತಿಕೊಂಡು ಬಂದಳು. ಮನೆಯಲ್ಲಿ ಮೇಘಶ್ರೀ ಫೋನಿನಲ್ಲಿ ಹುಡುಕಿ, “ಅವ್ರು ಹೇಳಿದ್ದು ಸರಿನೇ ಅಮ್ಮ. ಬ್ಲೀಚಿಂಗ್ ಬಿದ್ರೆ ಎಂಥ ಸ್ಟೀಲೂ ತೂತು ತೂತಾಗುತ್ತಂತೆ,” ಎಂದಳು. ಸಂಪು ತೊಳೆಯಲೆಂದು ಚಿದಾನಂದ್ ತಂದಿಟ್ಟಿದ್ದ ಬ್ಲೀಚಿಂಗ್ ಪೌಡರಿನ ಡಬ್ಬ ಯುಟಿಲಿಟಿಯ ಮೂಲೆಯಲ್ಲಿತ್ತು. ಶ್ರೀದೇವಿ ಮುಚ್ಚಳ ತೆಗೆದಳು. ಅರ್ಧಕ್ಕಿಂತ ಕೆಳಗಿಳಿದಿತ್ತು.

ಪಾತ್ರೆ ತೊಳೆದು, ಕಸ ಗುಡಿಸಿ, ನೆಲ ಒರೆಸುವವಳು ಶಂಕ್ರವ್ವ. ಯಾದಗಿರಿ ಕಡೆಯವಳು, ಸುದ್ದಗುಂಟೆಪಾಳ್ಯದಿಂದ ನಡೆದು ಬರುತ್ತಿದ್ದಳು. ಮಾರನೇ ಬೆಳಿಗ್ಗೆ ಅವಳು ನಲ್ಲಿ ತಿರುಗಿಸುವುದಕ್ಕೂ ಬಿಡದೆ ಶ್ರೀದೇವಿ ಕೇಳಿದಳು.

“ಪಾತ್ರೆಗೆ ಏನ್ ಹಾಕಿ ತೊಳೀತಿದೀಯ ಶಂಕ್ರವ್ವ?”

“ಸಾಬೂನ್ರೀ ಅಕ್ಕಾರ. ಮತ್ತೇನ್ ಹಾಕ್ತೀನಿ?”

“ಬ್ಲೀಚಿಂಗ್ ಪೌಡರ್ ಅರ್ಧ ಡಬ್ಬ ಖಾಲಿಯಾಗಿದೆ.”

“ಅದನ್ಯಾಕ ನಾ ಮುಟ್ಟಲಿ? ಕೈ ಸುಟ್ಕೊಳ್ಳಾಕ?”

“ಬೇಗ ಮುಗಿಸಿ ಇನ್ನೊಂದು ಮನೆಗೆ ಓಡೋ ಅವಸರ ನಿನಗೆ. ನಿಜ ಹೇಳು, ನಾನೇನೂ ಅನ್ನಲ್ಲ.”

ಶಂಕ್ರವ್ವ ಕೈಯಲ್ಲಿದ್ದ ಸ್ಕ್ರಬ್ಬರನ್ನು ಸಿಂಕಿನ ಅಂಚಿನ ಮೇಲೆ ನಿಧಾನವಾಗಿ ಇಟ್ಟಳು. “ಅಂದ್ರೆಲ್ಲ, ಇನ್ನೇನು ಉಳೀತು? ಸುಳ್ಳ ಹೇಳಿ ತಿನ್ನೂದು ನನಗ ಬೇಕಾಗಿಲ್ರೀ. ಬ್ಯಾರೆಯವರನ್ನ ನೋಡ್ಕೊಳ್ರಿ.” ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ದಾಟಿ ಹೋದಳು.

ಹಾಲಿನಲ್ಲಿ ಕೂತಿದ್ದ ನೀಲಗಂಗಮ್ಮನಿಗೆ ಎಲ್ಲವೂ ಕೇಳಿಸಿತ್ತು. “ಹೋದ್ರೆ ಹೋಗ್ಲಿ ಬಿಡು,” ಎಂದರು. “ಪಾತ್ರೆ ನಾನು ತೊಳ್ಕೊಂಡ್ರಾಯ್ತು.”

ಮಾತಿನಲ್ಲಿ ಅಷ್ಟು ಸುಲಭವಾಗಿದ್ದದ್ದು ಮನೆಯಲ್ಲಿ ಹಾಗಿರಲಿಲ್ಲ. ಪಾತ್ರೆಯನ್ನು ಅತ್ತೆ ತೊಳೆದರು, ಆದರೆ ಕಸ, ನೆಲ, ಬಚ್ಚಲು ಶ್ರೀದೇವಿಯ ಪಾಲಿಗೆ ಬಂದವು. ಬೆಳಕು ಹರಿಯುವ ಮುಂಚೆ ಎದ್ದು ಲಟ್ಟಿಸಲು ನಿಂತರೆ ಮಧ್ಯಾಹ್ನ ಮಡಿವಾಳದ ಮಾರುಕಟ್ಟೆಗೆ ಹೋಗಿ ಬರುವ ತನಕ ಅವಳು ಕೂರುತ್ತಿರಲಿಲ್ಲ. ಬಲಭುಜದಲ್ಲಿ ಶುರುವಾದ ನೋವು ಮೊಣಕೈಗೆ ಇಳಿಯಿತು. ಕಲಸಿದ ಹಿಟ್ಟು ತುಂಬಿದ ಬೋಗುಣಿಯನ್ನು ಕಟ್ಟೆಯಿಂದ ಎತ್ತುವಾಗ ಹಲ್ಲು ಕಚ್ಚಬೇಕಾಗುತ್ತಿತ್ತು. ಒಳಗಡೆ ತೆಳು ಬಟ್ಟೆ ಹಾಸಿ, ಅದರ ಮೇಲೆ ಹಿಟ್ಟಿಟ್ಟು, ಹೇಗೋ ನಡೆಸಿದಳು. ಬೈರಣ್ಣ ಮತ್ತೊಂದು ಫೋಟೋ ಕಳಿಸಿದ.

ಒಂದು ಸಂಜೆ ಊಟಕ್ಕೆ ಕೂತಾಗ ಮಾತು ಎದ್ದಿತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಒಗ್ಗರಣೆ ಹಾಕಿದವರು ನೀಲಗಂಗಮ್ಮ.

“ಅಮ್ಮ, ಕೈಲಾಗದಿದ್ರೆ ಬಿಟ್ಬಿಡು,” ಚಿದಾನಂದ್ ತಟ್ಟೆ ಸರಿಸಿದ. “ತಿಪಟೂರಲ್ಲಿ ತಮ್ಮನ ಮನೇಲಿ ಸ್ವಲ್ಪ ದಿನ ಇದ್ದು ಬಾ. ಅಲ್ಲಿ ಆರಾಮಾಗಿ ಕೂತಿರ್ಬೋದು.”

“ಯಾಕೆ, ನನ್ನ ಕೈಗೇನಾಗಿದೆ?”

“ಏನೂ ಆಗಿಲ್ಲ. ವಯಸ್ಸಾಯ್ತು ಅಂದೆ.”

“ವಯಸ್ಸಾಗಿದ್ದು ಹಿಟ್ಟಿಗೆ ಗೊತ್ತಾಗ್ತದಾ?” ಎಂದು ಅವರು ಮಜ್ಜಿಗೆ ಲೋಟಕ್ಕೆ ಕೈ ಚಾಚಿದರು. ಲೋಟ ಇದ್ದದ್ದು ಇನ್ನೊಂದು ಕಡೆ. ಕೈ ತಗುಲಿ ಉರುಳಿತು. ಮೇಘಶ್ರೀ ಬಟ್ಟೆ ತಂದು ಒರೆಸಿದಳು. ಶ್ರೀದೇವಿಗೆ ಆ ನೆಲವನ್ನು ಮತ್ತೆ ನೀರು ಹಾಕಿ ಒರೆಸಬೇಕಲ್ಲ ಎಂಬುದಷ್ಟೇ ಹೊಳೆದದ್ದು.

ಗೊತ್ತಾದದ್ದು ಒಂದು ಗುರುವಾರ. ಮಡಿವಾಳಕ್ಕೆ ಹೊರಟವಳಿಗೆ ಸಿಗ್ನಲ್ ದಾಟುವಷ್ಟರಲ್ಲಿ ಭುಜ ಹಿಡಿದುಕೊಂಡಿತು. ಬರಿಯ ಚೀಲವನ್ನೂ ಹೊರಲಾಗದೆ ಅರ್ಧ ದಾರಿಯಿಂದಲೇ ತಿರುಗಿ ಬಂದಳು. ಬೀಗ ತೆಗೆದು ಒಳಗೆ ಕಾಲಿಟ್ಟರೆ ಮೂಗು ಸುಡುವ ಘಾಟು. ಯುಟಿಲಿಟಿಯಲ್ಲಿ ನೀಲಗಂಗಮ್ಮ ಮಣೆ ಹಾಕಿಕೊಂಡು ಕೂತಿದ್ದರು. ಎರಡೂ ಬೋಗುಣಿಗಳ ತುಂಬ ಹಾಲಿನಂಥ ಬಿಳಿ ನೀರು. ಮೂಗಿಗೆ ಸೆರಗು ಕಟ್ಟಿ, ಮೊಣಕೈ ತನಕ ಕೈ ಇಳಿಬಿಟ್ಟು, ತಳವನ್ನು ಬೆರಳ ತುದಿಯಿಂದ ಇಂಚಿಂಚೂ ತಡವುತ್ತಿದ್ದರು.

“ಅತ್ತೆ!”

ಅವರು ಬೆಚ್ಚಿಬಿದ್ದರು. ನೀರು ತುಳುಕಿ ಸೀರೆಯ ಮೇಲೆ ಚೆಲ್ಲಿತು.

“ಏನ್ ಮಾಡ್ತಿದೀರಿ?”

“ತೊಳೀತಿದೀನಿ.”

“ಇದ್ರಲ್ಲಾ? ಇದು ಸಂಪಿಗೆ ಹಾಕೋ ಪೌಡರ್! ಜನ ಉಣ್ಣೋ ಪಾತ್ರೆ ಅತ್ತೆ ಇದು!”

“ಆಮೇಲೆ ಒಳ್ಳೇ ನೀರಲ್ಲಿ ಚೆನ್ನಾಗಿ ಜಾಲಿಸ್ತೀನಿ ಕಣೆ. ಬಿಡಲ್ಲ ಹಂಗೆ.”

“ಯಾಕೆ ಆದ್ರೆ?”

ನೀಲಗಂಗಮ್ಮ ಕೈಯನ್ನು ನೀರಿನಿಂದ ತೆಗೆಯಲಿಲ್ಲ. “ದೀಪಾವಳಿಗೆ ಮುಂಚೆ ಬೈರಣ್ಣ ಫೋನ್ ಮಾಡಿ ಚಪಾತೀಲಿ ಕೂದಲು ಸಿಕ್ತು ಅಂದ್ನಲ್ಲ. ಆ ಕೂದಲು ನನ್ನ ಕಣ್ಣ ಮುಂದೇನೇ ಇದ್ದಿರ್ಬೇಕು. ನನಗೆ ಕಾಣ್ಲಿಲ್ಲ. ಪಾತ್ರೆ ಶುದ್ಧವಾಗಿದೆಯೋ ಇಲ್ವೋ ಅಂತಾನೂ ಕಾಣಲ್ಲ. ಇದನ್ನ ಹಾಕಿದ್ರೆ ಏನಿದ್ರೂ ಹೋಗ್ತದೆ ಅಂತ.”

“ನಿಮಗೆ ಏನ್ ಕಾಣುತ್ತೆ ಈಗ?”

“ಬೆಳಕು ಕಾಣ್ತದೆ. ನೀನು ನಿಂತಿರೋದು ಕಾಣ್ತದೆ. ಮುಖ ಕಾಣಲ್ಲ.”

“ಯಾವಾಗಿಂದ?”

“ಹೋದ ವರ್ಷದಿಂದ. ಎಡಗಣ್ಣು ಅದಕ್ಕೂ ಮೊದ್ಲಿಂದ.”

“ಹೇಳಕ್ಕೇನಾಗಿತ್ತು ಅತ್ತೆ?”

“ಹೇಳಿದ್ರೆ ಕೂರಿಸ್ತಿದ್ರಿ. ಕೂತ್ಮೇಲೆ ತಿಪಟೂರಿಗೆ ಕಳಿಸ್ತಿದ್ರಿ. ಅಲ್ಲೂ ಕೂರಿಸ್ತಾರೆ.”

ಶ್ರೀದೇವಿ ಗೋಡೆಗೆ ಒರಗಿದಳು. “ಶಂಕ್ರವ್ವನ್ನ ನಾನು ಬೈದಾಗ ನೀವು ಹಾಲಲ್ಲೇ ಇದ್ರಿ.”

“ಇದ್ದೆ.”

ಅಷ್ಟೇ. ಕೂಗಾಡಬೇಕೆಂದು ಶ್ರೀದೇವಿ ಬಾಯಿ ತೆರೆದಳು, ಆದರೆ ಕೂಗುವಷ್ಟು ಉಸಿರೂ ತನ್ನಲ್ಲಿ ಇಲ್ಲವೆನಿಸಿತು. ಬೋಗುಣಿಗಳನ್ನು ಮೋರಿಗೆ ಬಗ್ಗಿಸಿದಳು. ಅತ್ತೆಯ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದಳು. ಚರ್ಮ ಬಿಳುಚಿ ಸುಲಿದಿತ್ತು. ಕೊಬ್ಬರಿ ಎಣ್ಣೆ ತಂದು ಹಚ್ಚಿದಳು. ಕನಿಕರ ಬರಬೇಕಿತ್ತು, ಬರಲಿಲ್ಲ. ಎಲ್ಲರೂ ತನ್ನಿಂದ ಒಂದೊಂದು ಮುಚ್ಚಿಟ್ಟುಕೊಂಡು, ಅದರ ಭಾರವನ್ನು ಮಾತ್ರ ತನ್ನ ಹೆಗಲಿಗೆ ದಾಟಿಸುತ್ತಾರೆ ಎಂದಷ್ಟೇ ಅನ್ನಿಸಿತು. ಎಣ್ಣೆ ಹಚ್ಚಿ ಮುಗಿಸಿದ ಮೇಲೂ ಆ ಕೈಗಳನ್ನು ಸ್ವಲ್ಪ ಹೊತ್ತು ಹಿಡಿದುಕೊಂಡೇ ಕೂತಿದ್ದಳು.

ಚಿದಾನಂದ್ ಸಂಜೆ ವಿಷಯ ಕೇಳಿ ಚಪ್ಪಲಿ ಗೂಡಿನ ಪಕ್ಕವೇ ಕುಸಿದು ಕೂತ. “ನಮ್ಮಮ್ಮನ ಕಣ್ಣು ಹೋಗಿದ್ದು ನನಗೆ ಗೊತ್ತೇ ಆಗ್ಲಿಲ್ವಲ್ಲ.”

“ನನಗೂ ಗೊತ್ತಾಗ್ಲಿಲ್ಲ,” ಎಂದಳು ಮೇಘಶ್ರೀ. “ದಿನಾ ಅಜ್ಜಿಗೆ ಮೆಸೇಜ್ ಓದಿ ಹೇಳ್ತಿದ್ದೆ. ಕನ್ನಡಕ ಎಲ್ಲೋ ಇಟ್ಟಿದೀನಿ ಅನ್ನೋರು, ನಾನು ನಂಬ್ತಿದ್ದೆ.” ಅವಳು ಅತ್ತಳು. ಅವಳಿಗೆ ಸಮಾಧಾನ ಹೇಳುವ ಕೆಲಸವೂ ಶ್ರೀದೇವಿಗೇ ಬಂತು.

ಪೀಜಿಗಳಿಗೆಲ್ಲ ಸ್ವಲ್ಪ ದಿನ ಊಟ ಕಳಿಸುವುದಿಲ್ಲವೆಂದು ತಿಳಿಸಿ, ಅವಳು ಮೊದಲು ಹೋದದ್ದು ಸುದ್ದಗುಂಟೆಪಾಳ್ಯಕ್ಕೆ. ಶಂಕ್ರವ್ವ ಬಾಗಿಲ ಮುಂದೆ ಅಕ್ಕಿ ಆರಿಸುತ್ತಿದ್ದಳು. ಕೂರಿ ಎಂದಳು, ಆದರೆ ಮೊರದಿಂದ ತಲೆ ಎತ್ತಲಿಲ್ಲ. ಶ್ರೀದೇವಿ ನಡೆದದ್ದನ್ನೆಲ್ಲ ಹೇಳಿದಳು.

“ತಪ್ಪಾಯ್ತು ಶಂಕ್ರವ್ವ. ನಿನ್ನ ಮೇಲೆ ಅನುಮಾನ ಪಟ್ಟಿದ್ದು ನನ್ನ ತಪ್ಪು.”

“ಮುದುಕಿ ಕಣ್ಣಿಗೆ ಮೊದಲ ತೋರಸ್ರೀ. ತಡಾ ಮಾಡಬ್ಯಾಡ್ರಿ.” ಒಂದು ಕಲ್ಲು ಆರಿಸಿ ಬಿಸಾಡಿದಳು. “ನೀವು ಬಂದ್ರಿ, ಚಲೋ ಆತು. ಆದ್ರ ಆ ಮಾತು ನಾ ಮರಿಯಾಕ ಆಗಂಗಿಲ್ರೀ ಅಕ್ಕಾರ.”

“ಮರೀಬೇಡ. ಬಾ.”

“ಬರ್ತೀನಿ. ಕಸಾ ಹೊಡೀತೀನಿ, ನೆಲಾ ಒರಸ್ತೀನಿ. ಭಾಂಡಿ ಮುಟ್ಟಂಗಿಲ್ಲ.”

ಪಾತ್ರೆ ತೊಳೆಯದಿದ್ದರೂ ಸರಿ ಎಂದು ಶ್ರೀದೇವಿ ಒಪ್ಪಿಕೊಂಡು ಎದ್ದಳು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಎಡಗಣ್ಣಿನ ನರ ಒಳಗಿನ ಒತ್ತಡಕ್ಕೆ ಒಣಗಿ ಹೋಗಿದೆ, ಅದು ಇನ್ನು ಬರುವುದಿಲ್ಲ. ಬಲಗಣ್ಣಿನಲ್ಲಿ ಪೊರೆ ಕಟ್ಟಿ ಗಟ್ಟಿಯಾಗಿದೆ, ತೆಗೆಯಬಹುದು. “ಮೊದಲೇ ಬಂದಿದ್ರೆ ಎರಡೂ ಉಳೀತಿತ್ತು,” ಎಂದರು. ನೀಲಗಂಗಮ್ಮ, “ಒಂದು ಸಾಕು ಬಿಡಿ, ಚಪಾತಿ ಉಂಡೆಗೆ ಎರಡು ಕಣ್ಣು ಬೇಕಾ?” ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮಾತ್ರ ಸೊಸೆಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಆಟೋ ಬರುವ ತನಕ ಬಿಡಲಿಲ್ಲ.

ಆಪರೇಷನ್ ಸಲೀಸಾಗಿ ಆಯಿತು. ಬಗ್ಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಒಲೆ ಹತ್ತಿರ ಹೋಗಬಾರದು ಎಂದು ಹೇಳಿ ಕಳಿಸಿದರು. ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕರಿ ಕನ್ನಡಕ ತೊಡಿಸಿ ಅವರನ್ನು ಕೂರಿಸಿದರು. ಮನೆಯ ಮಟ್ಟಿಗೆ ಹಿಟ್ಟು ಕಲಸುವ ಕೆಲಸ ಚಿದಾನಂದನಿಗೆ ಬಿತ್ತು. ಸೀರೆ ಕುಚ್ಚು ಹಿಡಿದಷ್ಟು ನಾಜೂಕಾಗಿ ಅವನು ಹಿಟ್ಟನ್ನು ಮುಟ್ಟುತ್ತಿದ್ದ.

“ನೀರು ಜಾಸ್ತಿ ಆಯ್ತು ಕಣೋ,” ಕುರ್ಚಿಯಿಂದ ಮಾತು ಬಂತು.

“ನಿನಗೆ ಹೆಂಗೆ ಗೊತ್ತಾಯ್ತು?”

“ಪಚಪಚ ಅಂತ ಸದ್ದು ಬರ್ತಿದೆ. ಹಿಟ್ಟು ಹಾಕು. ಗುದ್ದು, ಸವರ್ಬೇಡ. ಅದೇನು ಮಗೂನಾ?”

ಮೇಘಶ್ರೀ ನಕ್ಕುಬಿಟ್ಟಳು. ಆ ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು.

ಕನ್ನಡಕ ತೆಗೆಯಬಹುದೆಂದು ಡಾಕ್ಟರು ಹೇಳಿದ ಮಾರನೇ ಬೆಳಿಗ್ಗೆ ಶ್ರೀದೇವಿ ಕಣ್ಣಿಗೆ ಔಷಧಿ ಬಿಡಲು ಬಗ್ಗಿದಳು. ಹನಿ ಬಿದ್ದ ಮೇಲೆ ಅತ್ತೆ ಕಣ್ಣು ಮುಚ್ಚಿ, ನಿಧಾನ ತೆರೆದು, ಅವಳ ಗಲ್ಲ ಹಿಡಿದುಕೊಂಡರು.

“ತಲೆ ಯಾವಾಗ ಇಷ್ಟು ನರೀತು?”

“ಯಾವಾಗ್ಲೋ.”

“ಕಣ್ಣ ಕೆಳಗೆ ಇಷ್ಟು ಕಪ್ಪು. ಕೆನ್ನೆ ಎಲ್ಲಿ ಹೋಯ್ತು? ಹುಷಾರಿಲ್ವೇನೇ?”

“ಹುಷಾರಾಗೇ ಇದೀನಿ ಅತ್ತೆ.”

“ಹಂಗಂತ ನಾನೂ ಅಂತಿದ್ದೆ,” ಎಂದರು ನೀಲಗಂಗಮ್ಮ.

ಶ್ರೀದೇವಿ ಔಷಧಿಯ ಮುಚ್ಚಳ ತಿರುಗಿಸುತ್ತಾ ಅಡುಗೆಮನೆಗೆ ಹೋದಳು. ಅಲ್ಲಿ ಸಿಂಕಿನ ಮುಂದೆ ನಿಂತಾಗ ಅಳು ಬಂತು. ನಲ್ಲಿ ಜೋರಾಗಿ ಬಿಟ್ಟು, ಇದ್ದಬದ್ದ ಲೋಟಗಳನ್ನೆಲ್ಲ ತೊಳೆದಳು.

ಬೈರಣ್ಣನ ಫೋನು ನಿಂತಿರಲಿಲ್ಲ. ಯಾವಾಗಿಂದ ಶುರು ಮಾಡ್ತೀರ, ಬೇರೆಯವರಿಗೆ ಹೇಳ್ಲಾ? ಗುಳಿ ಬಿದ್ದ ಬೋಗುಣಿಗಳಲ್ಲಿ ಮತ್ತೆ ಜನರಿಗೆ ಉಣ್ಣಲು ಕಲಸುವ ಹಾಗಿರಲಿಲ್ಲ. ಅವು ಬಟ್ಟೆ ನೆನೆಸಲು ಬಚ್ಚಲಿಗೆ ಹೋದವು. ಹೊಸದು ತರಲು ಈ ಸಲ ಅತ್ತೆ ಸೊಸೆ ಇಬ್ಬರೇ ಜಯನಗರಕ್ಕೆ ಹೋದರು. ವಿಜಯಕುಮಾರ್ ಶ್ರೀದೇವಿಯನ್ನು ಕಂಡು ಎರಡನೇ ಸುತ್ತಿನ ಜಗಳಕ್ಕೆ ಸಿದ್ಧನಾದವನ ಹಾಗೆ ಎದ್ದು ನಿಂತ.

“ನೀವು ಹೇಳಿದ್ದೇ ಸರಿ,” ಎಂದಳು. “ಬೋಗುಣಿ ತೋರಿಸಿ.”

ನೀಲಗಂಗಮ್ಮ ಒಂದೇ ಕಣ್ಣಿನಲ್ಲಿ ಅಂಗಡಿಯನ್ನೆಲ್ಲ ನೋಡುತ್ತಿದ್ದರು. ಹೊಳಪಿಗೆ ಕಣ್ಣು ಕಿರಿದು ಮಾಡಿಕೊಂಡು ಆ ದೊಡ್ಡ ಬೋಗುಣಿಯನ್ನೇ ಬೆರಳು ಮಾಡಿ ತೋರಿಸಿದರು. “ಅದೇ ಇರ್ಲಿ. ಅದ್ರಲ್ಲಿ ಏನೂ ತಪ್ಪಿರ್ಲಿಲ್ಲ.”

ಶ್ರೀದೇವಿ ಅದನ್ನು ಎರಡು ಕೈಯಲ್ಲಿ ಹಿಡಿದು ಎತ್ತಿದಳು. ಬರಿದಾಗಿದ್ದರೂ ಭುಜ 'ಚುಳ್' ಎಂದಿತು. ಹಿಟ್ಟು ತುಂಬಿದರೆ ಎಷ್ಟಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕೆಳಗಿಟ್ಟು, ಅದೇ ಸಾಲಿನಲ್ಲಿದ್ದ ಒಂದು ನಡು ಗಾತ್ರದ್ದನ್ನು ತೆಗೆದುಕೊಂಡಳು. ಅದೇ ದಪ್ಪ, ಅದೇ ಮಡಚದ ಅಂಚು, ತಳದಲ್ಲಿ ಅದೇ ಅಚ್ಚು. ಸೊಂಟಕ್ಕೆ ಒಂದೇ ಕೈಯಲ್ಲಿ ಆನಿಸಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಿದಳು.

“ಇದೊಂದು ಕೊಡಿ.”

“ಮೇಡಂ, ಪೀಜಿ ಆರ್ಡರ್ ಅಂತಿದ್ರಿ? ಇದು ಸಾಲಲ್ಲ.”

“ಗೊತ್ತು.”

ಅತ್ತೆ ಅವಳ ಮುಖ ನೋಡಿದರು, ಬೋಗುಣಿಯನ್ನು ನೋಡಿದರು.

ಸಂಜೆ ಚಿದಾನಂದ್ ಅದನ್ನು ಕಟ್ಟೆಯ ಮೇಲೆ ಕಂಡು ಕೇಳಿದ. “ಇನ್ನೊಂದೆಲ್ಲಿ?”

“ಒಂದೇ ತಂದಿದ್ದು.”

“ಇದ್ರಲ್ಲಿ ಅರ್ಧಾನೂ ಹಿಡಿಯಲ್ವಲ್ಲ?”

“ಹಿಡಿಯಲ್ಲ. ಹಿಡಿದಷ್ಟೇ ಮಾಡೋದು ಇನ್ಮೇಲೆ.”

“ಏನ್ ಮಾತಾಡ್ತಿದೀಯ? ಮೇಘನ ಫೀಸಿದೆ, ಅಮ್ಮನ ಔಷಧಿ ಇದೆ...”

“ಇದೆ. ಎಲ್ಲಾ ಇದೆ. ನನ್ನ ಭುಜಾನೂ ಇದೆ.” ಅವಳ ದನಿ ಏರಲಿಲ್ಲ. “ಮಧ್ಯಾಹ್ನ ಅಂಗಡೀಲಿ ಸುಮ್ನೆ ಕೂತಿರ್ತೀರಿ. ಮಿಕ್ಕ ಅರ್ಧ ಬೇಕು ಅಂದ್ರೆ ನೀವು ಬಂದು ಕಲಸಿ, ನೀವೇ ಲಟ್ಟಿಸಿ. ಇನ್ನೊಂದು ಬೋಗುಣಿ ಆವತ್ತು ತರ್ತೀನಿ.”

“ನನಗೆಲ್ಲಿ ಬರುತ್ತೆ ಅದು?”

“ಬರ್ತದೆ,” ಕುರ್ಚಿಯಲ್ಲಿದ್ದ ನೀಲಗಂಗಮ್ಮ ಹೇಳಿದರು. “ನಿಮ್ಮಪ್ಪನಿಗೆ ಅನ್ನಕ್ಕಿಡೋದೂ ಬರ್ತಿರ್ಲಿಲ್ಲ. ಅವರಿಗೆ ಕಲಿಸೋಕೆ ನನಗೆ ಧೈರ್ಯ ಬರ್ಲಿಲ್ಲ. ನಿನಗೆ ನಾನು ಕಲಿಸ್ತೀನಿ.”

ಚಿದಾನಂದ್ ಬೋಗುಣಿಯನ್ನು ಒಮ್ಮೆ ಬೆರಳಿಂದ ತಟ್ಟಿದ. ಒಪ್ಪಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಹೊರಗೆ ಹೋಗಿ ಸ್ಕೂಟರಿನ ಪಕ್ಕ ನಿಂತ.

ಅಷ್ಟರಲ್ಲಿ ಬೈರಣ್ಣನ ಫೋನು ಬಂತು. ಶ್ರೀದೇವಿ ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತು ಎತ್ತಿಕೊಂಡಳು.

“ಮೇಡಂ, ಸೋಮವಾರದಿಂದ ಕಳಿಸ್ತೀರಲ್ಲ?”

“ಕಳಿಸ್ತೀನಿ. ಮುಂಚಿನ ಅರ್ಧ.”

“ಅರ್ಧಾನಾ? ಎಷ್ಟು ದಿನಕ್ಕೆ?”

“ಇನ್ಮೇಲೆ ಅಷ್ಟೇ ಬೈರಣ್ಣೋರೆ.”

“ಅಯ್ಯೋ, ಮಿಕ್ಕಿದ್ ಹುಡುಗ್ರಿಗೆ ನಾನೇನ್ ಮಾಡ್ಲಿ ಮೇಡಂ?”

ಇಷ್ಟು ದಿನ ಯಾರು ಏನು ಕೇಳಿದರೂ ಅದಕ್ಕೆ ಅವಳ ಬಳಿ ಉತ್ತರ ಇರುತ್ತಿತ್ತು. ಉತ್ತರವೆಂದರೆ ಇನ್ನೊಂದಿಷ್ಟು ಬೇಗ ಏಳುವುದು. ಈಗ ಹುಡುಕಿ ನೋಡಿದಳು. ಏನೂ ಸಿಗಲಿಲ್ಲ.

“ಗೊತ್ತಿಲ್ಲ,” ಎಂದಳು.

ಆ ಕಡೆ ಬೈರಣ್ಣ ಕಾಯುತ್ತಿದ್ದ. ಆಮೇಲೆ ಅವನೇ, “ಸರಿ ಮೇಡಂ, ನೋಡ್ತೀನಿ,” ಎಂದು ಫೋನಿಟ್ಟ.